ಅಕ್ಕನಿಲ್ಲದ ಆರು ನಿಮಿಷ

ರಷ್ಯಾಕ್ಕೆ ಹೊರಡುವ ಮುಂಚೆ ನಾನು ಹೆಚ್ಚು ತಲೆಕೆಡಿಸಿಕೊಂಡಿದ್ದು ಅಲ್ಲಿನ ಚಳಿಯ ಬಗ್ಗೆ ಅಲ್ಲ, ವೀಸಾದ ಬಗ್ಗೆಯೂ ಅಲ್ಲ. ಮೂರು ಪುಟದ ಒಂದು ಫಾರ್ಮಿನ ಬಗ್ಗೆ. ಪಿಎಚ್‌ಡಿಗಾಗಿ ಯಾರನ್ನಾದರೂ ಸಂದರ್ಶನ ಮಾಡಬೇಕೆಂದರೆ ನಮ್ಮಲ್ಲಿ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಕಮಿಟಿಗೆ ಒಪ್ಪಿಗೆ ಪತ್ರ ಬೇಕು. ಮಾತಾಡುವವರ ಪೂರ್ತಿ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರ್, ಕೊನೆಯಲ್ಲಿ ಸಹಿ. ನಾನದನ್ನು ಮೂರು ವಾರ ಕೂತು ರಷ್ಯನ್ನಿಗೆ ಅನುವಾದಿಸಿದೆ, ಭಾಷೆ ಕಲಿಸಿದ ಮೇಡಂ ಕೈಯಲ್ಲಿ ತಿದ್ದಿಸಿದೆ. ಇಪ್ಪತ್ತೈದು ಪ್ರತಿ ಮಾಡಿಸಿ ಸೂಟ್‌ಕೇಸಿನ ತಳದಲ್ಲಿ, ಸ್ವೆಟರುಗಳ ಕೆಳಗೆ, ಮಡಿಕೆ ಬೀಳದ ಹಾಗೆ ಇಟ್ಟುಕೊಂಡು ಹೋದೆ. ಇಪ್ಪತ್ತೈದೂ ಖಾಲಿಯಾಗಿಯೇ ನನ್ನ ಜೊತೆ ವಾಪಸ್ ಬಂದವು.

ವಿಷಯವೇನೋ ಬಹಳ ಸಾಧುವಾದದ್ದು. ಹಾಗಿದೆ ಎಂದೇ ಅದನ್ನು ಆರಿಸಿಕೊಂಡಿದ್ದೆ. 1954ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಭಾರತೀಯ ಚಲನಚಿತ್ರೋತ್ಸವ ನಡೆಯಿತು. 'ದೋ ಬೀಘಾ ಜಮೀನ್' ಹೋಯಿತು, 'ಆವಾರಾ' ಹೋಯಿತು. ಆವಾರಾ ಅಲ್ಲಿ 'ಬ್ರದ್ಯಾಗಾ' ಆಯಿತು, ಅಲೆಮಾರಿ ಅಂತ. ಆರು ಕೋಟಿಗೂ ಹೆಚ್ಚು ಟಿಕೆಟ್ ಖರ್ಚಾದವು. ಎಪ್ಪತ್ತರ ದಶಕದಲ್ಲಿ 'ಸೀತಾ ಔರ್ ಗೀತಾ', ಎಂಬತ್ತರಲ್ಲಿ 'ಡಿಸ್ಕೋ ಡ್ಯಾನ್ಸರ್'. ಸುಧಾ ರಾಜಗೋಪಾಲನ್ ಇದರ ಬಗ್ಗೆ ಒಳ್ಳೆಯ ಪುಸ್ತಕವನ್ನೇ ಬರೆದಿದ್ದಾರೆ. ನಾನು ಮಾಡಬೇಕೆಂದುಕೊಂಡದ್ದು ಅದಕ್ಕಿಂತ ಸಣ್ಣ ಕೆಲಸ. ಆ ಮೊದಲ ಅಲೆಯಲ್ಲಿ ಹುಡುಗ ಹುಡುಗಿಯರಾಗಿದ್ದವರು ಈಗ ಎಂಬತ್ತರ ಆಚೀಚೆ ಇದ್ದಾರೆ. ಅವರು ಹೋಗುವ ಮುಂಚೆ ಅವರ ದನಿ ಹಿಡಿದಿಡಬೇಕು. ಆರು ಕಂತಿನ ಆಡಿಯೋ ಸರಣಿ, ಜೊತೆಗೆ ನನ್ನ ಪ್ರಬಂಧಕ್ಕೆ ಒಂದು ಅಧ್ಯಾಯ. ಯುರೋಪಿನ ಒಂದು ಪ್ರತಿಷ್ಠಾನ ನಮ್ಮ ವಿಭಾಗಕ್ಕೆ ಸ್ವಲ್ಪ ಹಣ ಕೊಟ್ಟಿತ್ತು, ಮಾಸ್ಕೋದ ಒಂದು ವಿಭಾಗ ನನ್ನನ್ನು ಒಂದು ಸೆಮಿಸ್ಟರ್ ಇಟ್ಟುಕೊಳ್ಳಲು ಒಪ್ಪಿತ್ತು.

ಹಾವೇರಿಯಲ್ಲಿ ಅವ್ವ ಮಾತ್ರ ಒಪ್ಪಿರಲಿಲ್ಲ. "ಯುದ್ಧ ನಡದಿರೋ ದೇಶಕ್ಕ ಸಿನಿಮಾ ಕಥಿ ಕೇಳಾಕ ಹೊಂಟಿಯೇನವಾ?" ಎಂದಳು. ಯುದ್ಧ ನಡೆದಿರೋದು ಉಕ್ರೇನಿನಾಗ, ಮಾಸ್ಕೋದಾಗ ಅಲ್ಲ ಎಂದೆ. ಅದು ನಿಜವೂ ಹೌದು. 2023ರ ಸೆಪ್ಟೆಂಬರಿನಲ್ಲಿ ನಾನು ಇಳಿದ ಮಾಸ್ಕೋದಲ್ಲಿ ಕಾಫಿ ಅಂಗಡಿಗಳು ತುಂಬಿದ್ದವು, ಮಕ್ಕಳು ಪಾರ್ಕುಗಳಲ್ಲಿ ಎಲೆ ಆರಿಸುತ್ತಿದ್ದರು, ಮೆಟ್ರೋ ಎರಡು ನಿಮಿಷಕ್ಕೊಂದು ಬರುತ್ತಿತ್ತು.

ಮೊದಲ ತಿಂಗಳ ಕಷ್ಟಗಳೆಲ್ಲ ಹೇಳಿ ನಗಬಹುದಾದಂಥವು. 2022ರ ಮಾರ್ಚಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ರಷ್ಯಾದಲ್ಲಿ ಕೆಲಸ ನಿಲ್ಲಿಸಿದ್ದರಿಂದ ನನ್ನ ಕಾರ್ಡು ಅಲ್ಲಿ ಬರೀ ಪ್ಲಾಸ್ಟಿಕ್ಕು. ನಾಲ್ಕು ತಿಂಗಳ ಖರ್ಚನ್ನು ಡಾಲರ್ ನೋಟುಗಳಲ್ಲಿ ಒಳಜೇಬಿಗೆ ಹೊಲಿಸಿಕೊಂಡು ಹೋಗಿದ್ದೆ, ನಮ್ಮಜ್ಜಿ ಜಾತ್ರೆಗೆ ಹೋಗುವಾಗ ಮಾಡುತ್ತಿದ್ದ ಹಾಗೆ. ಬಂದು ಏಳು ಕೆಲಸದ ದಿನದೊಳಗೆ ವಿಳಾಸದ ನೋಂದಣಿ ಆಗಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಬಿಬಿಸಿ ತೆರೆಯುವುದಿಲ್ಲ. ಹಾಸ್ಟೆಲಿನಲ್ಲಿ ಉಪ್ಪು ಸಕ್ಕರೆ ಕೇಳುವಂತೆ ಹುಡುಗಿಯರು ಒಬ್ಬರನ್ನೊಬ್ಬರು "ನಿನ್ನ ವಿಪಿಎನ್ ಇವತ್ತು ಓಡುತ್ತಿದೆಯಾ?" ಎಂದು ಕೇಳುತ್ತಿದ್ದರು.

ನಗಲಾರದ ಮೊದಲ ಪ್ರಶ್ನೆ ಕೇಳಿದವಳು ಕಾತ್ಯಾ. ಅದು ಅವಳ ನಿಜವಾದ ಹೆಸರಲ್ಲ. ಈ ಬರಹದಲ್ಲಿ ಯಾರ ನಿಜ ಹೆಸರೂ ಇಲ್ಲ, ಊರೂ ಇಲ್ಲ. ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಕಾತ್ಯಾ ಆ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ನನ್ನದೇ ವಯಸ್ಸು, ಹಿಂದಿ ಬಲ್ಲವಳು, ನನ್ನ ಹಿಂದಿಗಿಂತ ಅವಳದೇ ಚೆಂದ. ನನ್ನ ಫಾರ್ಮನ್ನು ಮೊದಲಿಂದ ಕೊನೆತನಕ ಓದಿ ಕೇಳಿದಳು: "ಇದು ಯಾರನ್ನು ಕಾಪಾಡಲಿಕ್ಕೆ?"

"ಮಾತಾಡುವವರನ್ನು," ಎಂದೆ.

"ಒಬ್ಬ ಮನುಷ್ಯ ಇಂಥ ದಿನ ವಿದೇಶಿಯೊಬ್ಬಳ ಹತ್ತಿರ, ವಿದೇಶಿ ಹಣದ ಯೋಜನೆಗೆ, ಸ್ವಂತ ಇಚ್ಛೆಯಿಂದ ಮಾತಾಡಿದ್ದೇನೆ ಅಂತ ಬರೆದು, ವಿಳಾಸ ಹಾಕಿ, ಸಹಿ ಮಾಡಿ ಕೊಡಬೇಕು. ಅಲ್ವಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. 2012ರಲ್ಲಿ 'ವಿದೇಶಿ ಏಜೆಂಟ್' ಕಾನೂನು ಬಂದಾಗ ಅದು ವಿದೇಶದಿಂದ ಹಣ ಪಡೆಯುವ ಸಂಘಸಂಸ್ಥೆಗಳಿಗೆ ಮಾತ್ರ ಇತ್ತು. 2017ರಲ್ಲಿ ಮಾಧ್ಯಮಗಳಿಗೂ ಬಂತು. ಆಮೇಲೆ ಒಂಟಿ ವ್ಯಕ್ತಿಗಳಿಗೂ. 2022ರ ಡಿಸೆಂಬರಿನಿಂದ ಹಣವೂ ಬೇಡ, 'ವಿದೇಶಿ ಪ್ರಭಾವ'ಕ್ಕೆ ಒಳಗಾದರೆ ಸಾಕು. ಪ್ರತಿ ಶುಕ್ರವಾರ ನ್ಯಾಯ ಸಚಿವಾಲಯದ ಪಟ್ಟಿಗೆ ಹೊಸ ಹೆಸರುಗಳು ಸೇರುತ್ತವೆ. ಕಾತ್ಯಾಳ ಗೆಳೆಯರ ಬಳಗದಲ್ಲಿ ಶುಕ್ರವಾರ ಸಂಜೆ ಆ ಪಟ್ಟಿ ನೋಡುವುದು ಒಂದು ಅಭ್ಯಾಸವಾಗಿಬಿಟ್ಟಿತ್ತು, ನಮ್ಮಲ್ಲಿ ಮಳೆಗಾಲದಲ್ಲಿ ಜಲಾಶಯದ ಮಟ್ಟ ನೋಡುತ್ತಾರಲ್ಲ, ಹಾಗೆ. ಅದಕ್ಕೇ ಅವಳು ನನ್ನ ಯೋಜನೆಯಿಂದ ಒಂದು ರೂಬಲ್ಲೂ ಮುಟ್ಟಲಿಲ್ಲ. ನಾಲ್ಕು ತಿಂಗಳು ನನ್ನ ಜೊತೆ ಬಿಟ್ಟಿ ಓಡಾಡಿದಳು. ಸಂಬಳದ ಬದಲು ತೆಗೆದುಕೊಂಡಿದ್ದು ಆರು ಮೈಸೂರು ಸ್ಯಾಂಡಲ್ ಸೋಪು, ಅರ್ಧ ಕಿಲೋ ಕಾಫಿ ಪುಡಿ.

ಸಹಿಯ ಬದಲು ಮಾತಿನಲ್ಲೇ ಒಪ್ಪಿಗೆ ಪಡೆಯುತ್ತೇನೆ ಎಂದು ಕಮಿಟಿಗೆ ಇಮೇಲ್ ಬರೆದೆ. ನಿಯಮದಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂತು. ಮತ್ತೆ ಬರೆದೆ. ಕಾರಣವನ್ನು ವಿವರವಾಗಿ ತಿಳಿಸಿ ಎಂದರು. ವಿವರವಾಗಿ ಇಮೇಲಿನಲ್ಲಿ ಬರೆಯಲಾಗುವುದಿಲ್ಲ ಎಂಬುದೇ ಕಾರಣ ಎಂದು ಹೇಗೆ ಬರೆಯುವುದು? ಈ ಪತ್ರವ್ಯವಹಾರ ನಾನು ವಾಪಸ್ ಬಂದ ಮೇಲೂ ಮುಗಿದಿರಲಿಲ್ಲ.

ಎರಡನೇ ಪ್ರಶ್ನೆ, ನಾನು ಯಾರು ಎಂಬುದು. ನನ್ನದು ವಿದ್ಯಾರ್ಥಿ ವೀಸಾ. ಪತ್ರಕರ್ತರಿಗೆ ವಿದೇಶಾಂಗ ಸಚಿವಾಲಯದ ಮಾನ್ಯತೆ ಬೇಕು, ಅದು ನನ್ನಲ್ಲಿಲ್ಲ. ಕೈಯಲ್ಲಿ ರೆಕಾರ್ಡರ್ ಹಿಡಿದು, ಜನರನ್ನು ಮಾತಾಡಿಸಿ, ಕತ್ತರಿಸಿ ಜೋಡಿಸಿ ಸರಣಿ ಮಾಡುವವಳು ಸಂಶೋಧಕಿಯೋ ಪತ್ರಕರ್ತೆಯೋ? ಬೆಂಗಳೂರಿನಲ್ಲಿ ಸೆಮಿನಾರುಗಳಲ್ಲಿ ಇದನ್ನು ಗಂಟೆಗಟ್ಟಲೆ ಚರ್ಚಿಸಿ ಬಿಸ್ಕತ್ತು ತಿಂದು ಎದ್ದು ಬಂದಿದ್ದೇವೆ. ಅಲ್ಲಿ ಅದು ಪೊಲೀಸರು ಕೇಳಬಹುದಾದ ಪ್ರಶ್ನೆ. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕದ ಪತ್ರಕರ್ತ ಇವಾನ್ ಗೆರ್ಷ್‌ಕೊವಿಚ್ ಅವರನ್ನು ಯೆಕಟೆರಿನ್‌ಬರ್ಗಿನಲ್ಲಿ ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಿದ್ದರು. ಅವರಿಗಾದರೂ ಸಚಿವಾಲಯದ ಮಾನ್ಯತೆ ಇತ್ತು. ನಾನು ಭಾರತದವಳು, ಹೋದಲ್ಲೆಲ್ಲ "ಓ, ರಾಜ್ ಕಪೂರ್!" ಎಂದು ಮುಖ ಅರಳಿಸುತ್ತಿದ್ದರು, ನಿಜ. ಆ ನಗು ನನಗೆ ಸಿಗುತ್ತಿತ್ತೇ ಹೊರತು ಪಕ್ಕದಲ್ಲಿ ನಿಂತ ಕಾತ್ಯಾಳಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ. ನನ್ನನ್ನು ಹೆಚ್ಚೆಂದರೆ ವಿಮಾನ ಹತ್ತಿಸಿಯಾರು. ಅವಳು ಎಲ್ಲಿಗೆ ಹೋಗಬೇಕು?

ಒಂದು ಭಾನುವಾರ ಜುಬೊವ್‌ಸ್ಕಿ ಬುಲ್ವಾರಿಗೆ ಹೋಗಿದ್ದೆ. ಕಾರಣ ನಮ್ಮ ಅಜ್ಜನ ಕಪಾಟು. ನವಕರ್ನಾಟಕದವರ ಪುಸ್ತಕ ಪ್ರದರ್ಶನಗಳಲ್ಲಿ ಅಜ್ಜ ಕೊಂಡ ಪ್ರಗತಿ ಪ್ರಕಾಶನದ ಪುಸ್ತಕಗಳ ಮೊದಲ ಪುಟಗಳಲ್ಲಿ ಆ ರಸ್ತೆಯ ಹೆಸರಿರುತ್ತಿತ್ತು: 17, ಜುಬೊವ್‌ಸ್ಕಿ ಬುಲ್ವಾರ್, ಮಾಸ್ಕೋ. ಓದಲು ಕಲಿತಾಗ ನನಗೆ ಬಾಯಿಪಾಠವಾದ ಮೊದಲ ವಿದೇಶಿ ವಿಳಾಸ ಅದು. ಹೋಗಿ ನೋಡಿದರೆ ಎಂಟು ಹತ್ತು ಸಾಲು ಕಾರುಗಳು ಹರಿಯುವ ರಿಂಗ್ ರೋಡು. ಅದೇ ರಸ್ತೆಯ 4ನೇ ನಂಬರಿನಲ್ಲಿ ಸರ್ಕಾರಿ ಸುದ್ದಿಸಂಸ್ಥೆ 'ರಸ್ಸೀಯಾ ಸಿವೋದ್ನ್ಯಾ'ದ ದೊಡ್ಡ ಕಟ್ಟಡ. ಒಂದು ಕಾಲಕ್ಕೆ ನಮ್ಮಂಥವರ ಮನೆಗೆ ಚಂದದ ಚಿತ್ರಗಳ ಕತೆ ಕಳಿಸಿದ ರಸ್ತೆಯೇ ಈಗ ಜಗತ್ತಿಗೆ ಸುದ್ದಿ ಕಳಿಸುತ್ತಿದೆ. ಅಜ್ಜನ ಕಪಾಟಿನ ಪುಸ್ತಕಗಳಲ್ಲಿ ಏನು ಇರಲಿಲ್ಲ ಎಂದು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ಫೋಟೋ ತೆಗೆಯಲು ಫೋನ್ ಎತ್ತಿದವಳು ಸುಮ್ಮನೆ ಜೇಬಿಗೆ ಹಾಕಿಕೊಂಡೆ. ಯಾರೂ ಬೇಡ ಎಂದಿರಲಿಲ್ಲ. ಅಷ್ಟು ಹೊತ್ತಿಗೆ ಬೇಡ ಎಂದು ಹೇಳಿಸಿಕೊಳ್ಳುವ ಅಗತ್ಯ ನನಗೆ ಉಳಿದಿರಲಿಲ್ಲ, ಅಷ್ಟೇ.

ನವೆಂಬರ್ ಹೊತ್ತಿಗೆ ಹನ್ನೊಂದು ಜನರನ್ನು ಮಾತಾಡಿಸಿದ್ದೆವು. ಎಲ್ಲರದೂ ಸುಮಾರಾಗಿ ಒಂದೇ ಬಗೆ: ಸರದಿ, ಹಿಮ, ನರ್ಗಿಸ್ ಕಣ್ಣು, ಅಮ್ಮ ಅತ್ತದ್ದು, ಹಾಡುಗಳನ್ನು ಅರ್ಥ ಗೊತ್ತಿಲ್ಲದೆ ಹಾಡಿದ್ದು. ಚೆನ್ನಾಗಿದ್ದವು. ಆದರೆ ಪೋಸ್ಟ್ ಕಾರ್ಡಿನಂತೆ, ಚೌಕಟ್ಟಿನ ಆಚೆ ಏನೂ ಕಾಣದು. ಮಾತು ತೊಂಬತ್ತರ ದಶಕದ ಈಚೆಗೆ ಬಂದರೆ ಎಲ್ಲರೂ ಎದ್ದು ಚಹಾಕ್ಕೆ ನೀರಿಡುತ್ತಿದ್ದರು.

ಹನ್ನೆರಡನೆಯವರು ಈ ಅಜ್ಜಿ. ವೋಲ್ಗಾ ದಡದ ಒಂದು ಊರು, ಮಾಸ್ಕೋದಿಂದ ರೈಲಿನಲ್ಲಿ ಕೆಲವು ಗಂಟೆ. ಕ್ರುಶ್ಚೇವ್ ಕಾಲದ ಐದಂತಸ್ತಿನ ಕಟ್ಟಡ, ಲಿಫ್ಟಿಲ್ಲ, ನಾಲ್ಕನೇ ಮಹಡಿ. ಎಂಬತ್ತೊಂದು ವಯಸ್ಸು. ನನ್ನನ್ನು ಬಾಗಿಲಲ್ಲೇ ಅಪ್ಪಿಕೊಂಡು "ದೋಚೆಂಕಾ" ಎಂದರು, ಮಗಳೇ ಅಂತ. ಮೊದಲು ಊಟ, ಆಮೇಲೆ ಮಾತು ಎಂದರು. ಬೀಟ್‌ರೂಟ್ ಸಾರು, ಆಲೂಗಡ್ಡೆ, ಚಹಾದ ಜೊತೆ ತಾವೇ ಮಾಡಿದ ಕಪ್ಪು ದ್ರಾಕ್ಷಿಯಂಥ ಹಣ್ಣಿನ ಜಾಮು. ನನ್ನ ಫಾರ್ಮನ್ನು ಸೂಟ್‌ಕೇಸಿನಲ್ಲೇ ಬಿಟ್ಟು ಬಂದಿದ್ದೆ. ರೆಕಾರ್ಡ್ ಮಾಡಬಹುದೇ ಎಂದು ಕೇಳಿದೆ. "ಮಾಡು ಮಾಡು, ಎಪ್ಪತ್ತು ವರ್ಷದಿಂದ ಯಾರೂ ಕೇಳಿಲ್ಲ," ಎಂದರು.

ಅಜ್ಜಿ ಒಳ್ಳೆಯ ಕತೆಗಾರ್ತಿ. ಅವರಿಗೆ ಆಗ ಹನ್ನೆರಡು, ಅವರ ಅಕ್ಕನಿಗೆ ಹದಿನೈದು. ಊರಿನ ಸಿನಿಮಾ ಮಂದಿರಕ್ಕೆ 'ಬ್ರದ್ಯಾಗಾ' ಬಂತು. ಮನೆಯಲ್ಲಿ ಇಬ್ಬರಿಗೆ ಸೇರಿ ಒಂದೇ ಜೊತೆ ಒಳ್ಳೆಯ ಬೂಟು. ಒಂದು ದಿನ ಅಕ್ಕ ಬೂಟು ಹಾಕಿಕೊಂಡರೆ ತಂಗಿ ಫೆಲ್ಟಿನ ಹಳೆಯದು, ಮರುದಿನ ಅದಲು ಬದಲು. ಹಾಗೆ ಏಳು ಸಲ ನೋಡಿದರು. ಅಕ್ಕ ಹಾಡುಗಳನ್ನು ರಷ್ಯನ್ ಅಕ್ಷರದಲ್ಲಿ ಕೇಳಿದ ಹಾಗೆ ಬರೆದುಕೊಳ್ಳುತ್ತಿದ್ದಳು. ಕತ್ತಲಲ್ಲಿ ಬರೆದದ್ದು, ಸಾಲು ಒಂದರ ಮೇಲೊಂದು ಹತ್ತಿಕೊಂಡಿರುತ್ತಿತ್ತು. ಬೆಳಿಗ್ಗೆ ಇಬ್ಬರೂ ಕೂತು ಬಿಡಿಸುತ್ತಿದ್ದರು. ಹನ್ನೊಂದು ಸಂದರ್ಶನಗಳಲ್ಲಿ ನನಗೆ ಸಿಗದೇ ಇದ್ದದ್ದು ಇದು. ಒಂದು ಜೊತೆ ಬೂಟಿನಿಂದ ಇಡೀ ಒಂದು ಕಾಲ ಕಾಣುತ್ತದೆ. ನಾನು ಒಳಗೊಳಗೇ ಕುಣಿಯುತ್ತಿದ್ದೆ.

"ಆ ಹಾಡಿನ ಪುಸ್ತಕ ಇದೆಯಾ ಅಜ್ಜಿ?"

"ಅಕ್ಕನ ಹತ್ತಿರ ಇದೆ. ಅವಳು ಮದುವೆಯಾಗಿ ಹೋಗುವಾಗ ತೆಗೆದುಕೊಂಡು ಹೋದಳು. ಖಾರ್ಕೊವ್‌ನಲ್ಲಿದ್ದಾಳೆ. ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು." ಸ್ವಲ್ಪ ಸುಮ್ಮನಿದ್ದು, "ಈಗ ನನ್ನ ಫೋನು ಎತ್ತುವುದಿಲ್ಲ," ಎಂದರು.

ಅವರು ಹೇಳಿದ್ದು ಅಷ್ಟೇ. ಅಲ್ಲಿಗೆ ಎದ್ದು ಚಹಾಕ್ಕೆ ನೀರಿಡುತ್ತಿದ್ದರೇನೋ. ಮುಂದಿನದನ್ನು ಮಾಡಿದ್ದು ನಾನು.

ಖಾರ್ಕಿವ್ ಎನ್ನುವ ಹೆಸರು ಹಾವೇರಿಯವರಿಗೆ ನಕಾಶೆಯಲ್ಲಿನ ಊರಲ್ಲ. 2022ರ ಮಾರ್ಚ್ 1ರಂದು ಅಲ್ಲಿ ಊಟದ ಸಾಮಾನಿಗೆಂದು ಹೊರಗೆ ಹೋಗಿದ್ದ ನಮ್ಮ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ತೀರಿಕೊಂಡ. ದೇಹ ಬರಲು ಇಪ್ಪತ್ತು ದಿನ ಹಿಡಿಯಿತು. ಆ ಇಪ್ಪತ್ತು ದಿನ ನಮ್ಮ ಕಡೆ ಬಸ್ ನಿಲ್ದಾಣದಲ್ಲಿ, ಕಿರಾಣಿ ಅಂಗಡಿಯಲ್ಲಿ, ಎಲ್ಲರ ಬಾಯಲ್ಲೂ ಆ ಊರಿನ ಹೆಸರು. ಬಂದ ದೇಹವನ್ನು ಮನೆಯವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ನನಗೆ ಅವನ ಪರಿಚಯವಿರಲಿಲ್ಲ. ಆದರೂ ಅಜ್ಜಿ ಖಾರ್ಕೊವ್ ಎಂದ ಕೂಡಲೇ ನನ್ನ ಬಾಯಿಂದ ಬಂತು: "ನಮ್ಮ ಜಿಲ್ಲೆಯ ಹುಡುಗ ಒಬ್ಬ ಅಲ್ಲಿ ಸತ್ತ. ಯುದ್ಧದಲ್ಲಿ."

ರಷ್ಯನ್ನಿನಲ್ಲಿ ಯುದ್ಧಕ್ಕೆ 'ವಯ್ನಾ'. ಭಾಷೆ ಕಲಿಯುವವರೆಲ್ಲ ಮೊದಲ ವಾರವೇ ಟಾಲ್‌ಸ್ಟಾಯ್ ಕಾದಂಬರಿಯ ಹೆಸರಿನಿಂದ ಕಲಿಯುವ ಪದ. ಇದಕ್ಕೆ ಅಲ್ಲಿ ಹೇಳಬೇಕಾದ್ದು 'ವಿಶೇಷ ಸೇನಾ ಕಾರ್ಯಾಚರಣೆ' ಎಂದು. ಟಾಲ್‌ಸ್ಟಾಯ್ 'ವಿಶೇಷ ಕಾರ್ಯಾಚರಣೆ ಮತ್ತು ಶಾಂತಿ' ಬರೆದಿದ್ದಾನೆ ಎಂಬ ಜೋಕು ಅಲ್ಲಿ ಹಳತಾಗಿಹೋಗಿದೆ. ಜೋಕಿನ ಹಿಂದೆ 2022ರ ಮಾರ್ಚ್ 4ರ ಕಾನೂನಿದೆ. ಸೇನೆಯನ್ನು 'ಹೀಗಳೆದರೆ' ಮೊದಲ ಸಲ ಮೂವತ್ತರಿಂದ ಐವತ್ತು ಸಾವಿರ ರೂಬಲ್ ದಂಡ, ಮತ್ತೊಮ್ಮೆ ಮಾಡಿದರೆ ಕ್ರಿಮಿನಲ್ ಕೇಸು. 'ಸುಳ್ಳು ಮಾಹಿತಿ' ಹರಡಿದ ಆರೋಪವಾದರೆ ಹದಿನೈದು ವರ್ಷದವರೆಗೂ ಜೈಲು. ಇವೆಲ್ಲ ನನಗೆ ಗೊತ್ತಿತ್ತು. ಎರಡು ತಿಂಗಳು ಆ ಪದವನ್ನು ನಾಲಿಗೆಗೆ ತಂದಿರಲಿಲ್ಲ. ಕಾತ್ಯಾ ಕೈಯಲ್ಲಿದ್ದ ಕಪ್ಪನ್ನು ನಿಧಾನಕ್ಕೆ ತಟ್ಟೆಯ ಮೇಲಿಟ್ಟಳು. ಆ ಸದ್ದೂ ರೆಕಾರ್ಡಾಯಿತು.

ಅಜ್ಜಿ ನನ್ನ ಕೈ ಹಿಡಿದುಕೊಂಡರು. ಆಮೇಲೆ ಮಾತಾಡಿದರು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ನಾನು ಕೊಟ್ಟ ಪದವನ್ನೇ ಬಳಸಿ ಮಾತಾಡಿದರು. ಏನು ಹೇಳಿದರು ಎಂದು ಇಲ್ಲಿ ಬರೆಯುವುದಿಲ್ಲ. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ನಾನು ಕೈ ಚಾಚಿ ಅದನ್ನು ನಿಲ್ಲಿಸಬಹುದಿತ್ತು. ಒಂದು ಕೈ ಅವರು ಹಿಡಿದಿದ್ದರು, ಇನ್ನೊಂದು ಕೈ ಖಾಲಿಯೇ ಇತ್ತು. ನಿಲ್ಲಿಸಲಿಲ್ಲ. ಸೌಜನ್ಯಕ್ಕೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ. ಇದು ಇಡೀ ಸರಣಿಯಲ್ಲೇ ಅತ್ಯುತ್ತಮ ಭಾಗ ಎಂದು ಆ ಹೊತ್ತಿನಲ್ಲೂ ನನಗೆ ಗೊತ್ತಾಗಿತ್ತು.

ಭಾನುವಾರ ಹಾಸ್ಟೆಲಿಗೆ ಬಂದವಳು ಇನ್ನೂ ಒಂದು ತಪ್ಪು ಮಾಡಿದೆ. ಯುರೋಪಿನಲ್ಲಿದ್ದ ನಮ್ಮ ನಿರ್ಮಾಪಕರಿಗೆ ಕರೆ ಮಾಡಿ, ಅಪರೂಪದ್ದೊಂದು ಸಿಕ್ಕಿದೆ ಎಂದೆ. ಅವರು ಖುಷಿಯಾದರು. ಅದನ್ನು ಜೋಪಾನವಾಗಿಡು, ಹೆಸರು ತೆಗೆಯೋಣ, ದನಿ ಬದಲಿಸೋಣ, ಕೊನೆಯ ಕಂತು ಅದೇ ಆಗಲಿ ಎಂದರು. ಕೆಟ್ಟ ಮನುಷ್ಯರೇನಲ್ಲ. ಅವರಿದ್ದ ಕಡೆ ಕೂತರೆ ನಾನೂ ಹಾಗೆಯೇ ಹೇಳುತ್ತಿದ್ದೆ.

ಕಾತ್ಯಾಳಿಗೆ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. "ಆ ಊರಿನಲ್ಲಿ ರಾಜ್ ಕಪೂರ್ ಕತೆ ಹೇಳುವ, ಖಾರ್ಕೊವ್‌ನಲ್ಲಿ ಅಕ್ಕ ಇರುವ ಅಜ್ಜಿಯರು ಎಷ್ಟು ಜನ ಇರಬಹುದು?" ಎಂದು ಕೇಳಿದಳು. ದನಿ ಬದಲಿಸಿದರೆ ಬೂಟಿನ ಕತೆ ಬದಲಾಗುತ್ತದೆಯೇ? ಬಿಲ್ಡಿಂಗಿನ ಅರ್ಧ ಜನಕ್ಕೆ ಆ ಬೂಟು ಗೊತ್ತು.

ಸೋಮವಾರ ಅಜ್ಜಿಯ ಮೊಮ್ಮಗಳು ಕಾತ್ಯಾಳಿಗೆ ಫೋನ್ ಮಾಡಿದಳು. ಅಜ್ಜಿ ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಖುಷಿಯಿಂದ ಹೇಳಿದ್ದರಂತೆ, ಭಾರತದ ಹುಡುಗಿ ಬಂದಿದ್ದಳು, ಅಕ್ಕನ ಬಗ್ಗೆ ಎಲ್ಲ ಹೇಳಿಬಿಟ್ಟೆ ಎಂದು. ಮೊಮ್ಮಗಳು ಶಾಲೆಯಲ್ಲಿ ಟೀಚರ್. ಅಳಿಸಿ ಎಂದು ಅವಳು ಹೇಳಲಿಲ್ಲ. "ಅಜ್ಜಿಗೆ ಹೆದರಿಕೆ ಇಲ್ಲ. ನಾನು ದಿನಾ ಕ್ಲಾಸಿಗೆ ಹೋಗಬೇಕು. ನೀವೇ ಯೋಚನೆ ಮಾಡಿ," ಎಂದಳಂತೆ. 2022ರಲ್ಲಿ ಪೆಂಜಾ ನಗರದ ಶಿಕ್ಷಕಿಯೊಬ್ಬರಿಗೆ ಶಿಕ್ಷೆಯಾದದ್ದು ಕ್ಲಾಸಿನಲ್ಲಿ ಆಡಿದ ಮಾತನ್ನು ಮಕ್ಕಳೇ ರೆಕಾರ್ಡ್ ಮಾಡಿ ಕೊಟ್ಟಿದ್ದರಿಂದ. ಇಂಥ ಸುದ್ದಿ ಓದಿದ ಟೀಚರಿಗೆ ರೆಕಾರ್ಡರ್ ಎಂಬ ವಸ್ತು ಹೇಗೆ ಕಾಣುತ್ತದೆ ಎಂದು ನಾನು ಆವರೆಗೆ ಯೋಚಿಸಿರಲಿಲ್ಲ.

ನಮ್ಮ ಫಾರ್ಮಿನಲ್ಲಿ ಒಪ್ಪಿಗೆ ಕೊಡುವುದು ಒಬ್ಬರೇ. ಸಹಿಗೆ ಒಂದೇ ಗೆರೆ. ಅಜ್ಜಿ ಪೂರ್ತಿ ಮನಸ್ಸಿನಿಂದ ಒಪ್ಪಿದ್ದರು. ಎಂಬತ್ತೊಂದು ವರ್ಷದ ಹೆಂಗಸು, ತಲೆ ನೆಟ್ಟಗಿದೆ, ತನ್ನ ಅಕ್ಕನ ಬಗ್ಗೆ ಮಾತಾಡುತ್ತೇನೆ ಎಂದರೆ ಬೇಡ ಎನ್ನಲು ನಾವ್ಯಾರು? ಆದರೆ ಆ ಮಾತಿಗೆ ಬೆಲೆ ತೆರುವವರು ಬೇರೆ ಇದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ರಷ್ಯಾದಲ್ಲಿ ಸಾಮಾನ್ಯರ ನೆನಪುಗಳನ್ನು ಕೂಡಿಟ್ಟ ದೊಡ್ಡ ಸಂಸ್ಥೆ 'ಮೆಮೋರಿಯಲ್'. ಅದನ್ನು ಮುಚ್ಚುವಂತೆ ಸುಪ್ರೀಂ ಕೋರ್ಟು ಆದೇಶ ಮಾಡಿದ್ದು 2021ರ ಡಿಸೆಂಬರ್ 28ರಂದು. ಮರುವರ್ಷ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೆಯಾಗಿ ಬಂತು. ಹಾಗಿರುವಾಗ ಎರಡು ವರ್ಷ ರಷ್ಯನ್ ಕಲಿತ ನಾನು ಸಿನಿಮಾ ನೆನಪನ್ನು ಬೇರೆ ನೆನಪುಗಳಿಂದ ಬಿಡಿಸಿ, ಹಲಸಿನ ತೊಳೆಯ ಹಾಗೆ ಅಂಟಿಲ್ಲದೆ ಎತ್ತಿಕೊಂಡು ಬರುತ್ತೇನೆ ಎಂದುಕೊಂಡಿದ್ದೆ.

ಗೆಳೆಯರಿಗೆ ಇದನ್ನು ಹೇಳಿದಾಗ, ನಮ್ಮಲ್ಲೇನು ಕಮ್ಮಿ ಎನ್ನುವವರಿದ್ದಾರೆ. ನಮ್ಮ ಕಡೆ ಫೀಲ್ಡ್ ವರ್ಕಿನಲ್ಲೂ "ಇದನ್ನ ರೆಕಾರ್ಡ್ ಮಾಡಬ್ಯಾಡ್ರಿ ಮೇಡಂ" ಎಂದವರನ್ನು ನಾನೂ ಕಂಡಿದ್ದೇನೆ. ಆದರೆ ಅವರು ಹಾಗೆ ಬಾಯಿಬಿಟ್ಟು ಹೇಳುತ್ತಿದ್ದರು. ಅಲ್ಲಿ ಚಹಾಕ್ಕೆ ನೀರಿಡುತ್ತಿದ್ದರು.

ಗುರುವಾರ ರಾತ್ರಿ ನಾವಿಬ್ಬರೂ ಕೂತು ಕತ್ತರಿಸಿದೆವು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಮೊದಲು ಹೋಯಿತು. ಆಮೇಲೆ ಖಾರ್ಕೊವ್. ಖಾರ್ಕೊವ್ ಹೋದ ಮೇಲೆ ಅಕ್ಕ ಎಲ್ಲಿದ್ದಾಳೆ ಎಂಬ ಪ್ರಶ್ನೆ ಬಾರದ ಹಾಗೆ ಹಾಡಿನ ಪುಸ್ತಕವೂ ಹೋಗಬೇಕಾಯಿತು. ಪುಸ್ತಕ ಹೋದ ಮೇಲೆ ಅಕ್ಕನನ್ನು ಉಳಿಸಿಕೊಂಡರೆ ಬೂಟಿನ ಗುರುತು ಉಳಿಯುತ್ತದೆ. ಹೀಗೆ ಒಂದೊಂದೇ ಎಳೆ ಎಳೆಯುತ್ತಾ ಹೋಗಿ ಕೊನೆಗೆ ಅಕ್ಕನೇ ಹೋದಳು. ಆದರೂ ಒಂದು ಕಡೆ ಸಿಕ್ಕಿಬಿದ್ದೆವು. ರಷ್ಯನ್ನಿನಲ್ಲಿ ಒಬ್ಬ ಹೆಂಗಸು ಹೋದರೆ 'ಖದೀಲಾ', ಒಬ್ಬರಿಗಿಂತ ಹೆಚ್ಚು ಜನ ಹೋದರೆ 'ಖದೀಲಿ'. ನಮ್ಮಲ್ಲಿ ಹೋದೆ, ಹೋದೆವು ಇದ್ದಂತೆ. ಅಜ್ಜಿ ಎಲ್ಲ ಕಡೆಯೂ ಹೋದೆವು, ನೋಡಿದೆವು, ಅತ್ತೆವು ಎಂದೇ ಹೇಳಿದ್ದರು. ಕ್ರಿಯಾಪದವನ್ನು ಕತ್ತರಿಸಲು ಬರುವುದಿಲ್ಲ. "ಇರಲಿ ಬಿಡು, ಯಾರೋ ಗೆಳತಿ ಅಂದುಕೊಳ್ಳುತ್ತಾರೆ," ಎಂದಳು ಕಾತ್ಯಾ.

ಉಳಿದದ್ದು ಆರು ನಿಮಿಷ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಕಾರ್ಡಿನಲ್ಲಿದ್ದ ಮೂಲವನ್ನು ಅಳಿಸಿದೆವು. ಅಳಿಸಿದರೆ ಸಾಲದು, ತೆಗೆಯಬಲ್ಲವರು ತೆಗೆಯುತ್ತಾರೆ, ಮೇಲೆ ಬೇರೇನಾದರೂ ತುಂಬಬೇಕು ಎಂದು ಕಾತ್ಯಾ ಎಲ್ಲೋ ಓದಿದ್ದಳು. ರೆಕಾರ್ಡರನ್ನು ಕಿಟಕಿಯ ಕೆಳಗಿನ ಹೀಟರಿನ ಪಕ್ಕ ಇಟ್ಟು ಬಟನ್ ಒತ್ತಿದೆವು. ನಾಲ್ಕು ಜಿಬಿ ಕಾರ್ಡು ತುಂಬಲು ಸುಮಾರು ನಾಲ್ಕು ತಾಸು. ಬೆಳಗಿನ ಜಾವದವರೆಗೆ ಪೈಪಿನಲ್ಲಿ ನೀರು ಗುಳುಗುಳು ಎನ್ನುವುದನ್ನು ಕೇಳುತ್ತಾ, ಮಾತಾಡಿದರೆ ಅದೂ ರೆಕಾರ್ಡಾಗುತ್ತದೆಂದು ಸುಮ್ಮನೆ ಕೂತಿದ್ದೆವು. ನಿರ್ಮಾಪಕರಿಗೆ ಫೈಲು ಕೆಟ್ಟುಹೋಯಿತು ಎಂದು ಸುಳ್ಳು ಹೇಳಿದೆ. ಅವರು ನಂಬಲಿಲ್ಲ ಎಂದು ದನಿಯಲ್ಲೇ ಗೊತ್ತಾಯಿತು.

ಫೆಬ್ರವರಿಯಲ್ಲಿ ಸರಣಿ ಹೊರಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ಮಾಸ್ಕೋದ ವಿಭಾಗದವರು ಭಾರತ–ರಷ್ಯಾ ಮೈತ್ರಿಗೆ ಒಳ್ಳೆಯ ಕಾಣಿಕೆ ಎಂದು ಪತ್ರ ಬರೆದರು. ನನ್ನ ಗೈಡ್ ಕೇಳಿ, ಅಜ್ಜಿಯ ಕಂತು ಮುದ್ದಾಗಿದೆ ಎಂದರು. ಮುದ್ದಾಗಿಯೇ ಇತ್ತು. ಹಿಮ, ಸರದಿ, ನರ್ಗಿಸ್ ಕಣ್ಣು, ಹೋದೆವು, ನೋಡಿದೆವು, ಅತ್ತೆವು.

ಕಾತ್ಯಾ ಅದನ್ನು ಅಜ್ಜಿಗೆ ಅವರ ಮನೆಗೇ ಹೋಗಿ ಕೇಳಿಸಿದಳಂತೆ. ಆ ರಾತ್ರಿ ನನಗೆ ಕರೆ ಮಾಡಿದಳು. ಅಜ್ಜಿ ಒಂದು ಸಲ ಕೇಳಿ, ಇನ್ನೊಮ್ಮೆ ಹಾಕು ಎಂದರಂತೆ. ಎರಡನೇ ಸಲ ಮುಗಿದ ಮೇಲೆ, "ಅಕ್ಕ ಎಲ್ಲಿ?" ಎಂದರಂತೆ. ಕಾತ್ಯಾ ಕಾರಣ ಹೇಳಿದಳು. ಅದು ಅವರಿಗೆ ಅರ್ಥವಾಗದ್ದೇನಲ್ಲ, ನಮಗಿಂತ ಹೆಚ್ಚೇ ಕಂಡವರು.

"ರೇಡಿಯೋದಲ್ಲಿ ಬೇಡ, ಸರಿ. ನನಗೆ ಆ ಇನ್ನೊಂದನ್ನು ಕೊಡಿ," ಎಂದರಂತೆ. "ಅವಳಿಗೆ ಕಳಿಸಬೇಕಿತ್ತು. ಅದಕ್ಕೇ ಹೇಳಿದ್ದು. ಫೋನು ಎತ್ತುವುದಿಲ್ಲ, ಆದರೆ ಮೆಸೇಜು ನೋಡುತ್ತಾಳೆ. ಎರಡು ಗೀಟು ನೀಲಿ ಆಗುತ್ತದೆ."

ಇನ್ನೊಂದು ಇಲ್ಲ ಎಂದು ಕಾತ್ಯಾ ಹೇಳಬೇಕಾಯಿತು. ಅಜ್ಜಿ ಎದ್ದು ಚಹಾಕ್ಕೆ ನೀರಿಟ್ಟರಂತೆ.

ಮುಂದಿನ ವಾರ ತಾನೊಬ್ಬಳೇ ಮತ್ತೆ ಹೋಗಿ ಅಜ್ಜಿಯ ಫೋನಿನಲ್ಲೇ ರೆಕಾರ್ಡ್ ಮಾಡಿಕೊಡುತ್ತೇನೆ, ಬೂಟಿನ ಕತೆಯಷ್ಟೇ ಸಾಕು ಎಂದು ಕಾತ್ಯಾ ಹೇಳಿದಳು. ಹೋದಳೋ ಇಲ್ಲವೋ ಫೋನಿನಲ್ಲಿ ನಾನು ಕೇಳಿಲ್ಲ. ನನ್ನ ಕಾರ್ಡಿನಲ್ಲಿ ಹೀಟರಿನ ಸದ್ದು ಹಾಗೇ ಇದೆ.